ಕೋಠಿಯ ರಸ್ತೆಯಲ್ಲಿ ಅತ್ತೆಯ ಬೈಕು

ನಮ್ಮ ಕಚೇರಿಯಲ್ಲಿ ಒಂದು ನಿಯಮವಿದೆ. ಹೊಸ ವಿಡಿಯೊ ಗೇಮನ್ನು ಹೊರಗಿನವರ ಕೈಗೆ ಕೊಟ್ಟು ಆಡಿಸಿ ನೋಡುವಾಗ ಅದನ್ನು ಮಾಡಿದವರು ಬಾಯಿ ಬಿಡುವಂತಿಲ್ಲ. ಆಡುವವರ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತು, ಅವರು ಎಲ್ಲಿ ತಡವರಿಸುತ್ತಾರೆ, ಎಲ್ಲಿ ನಗುತ್ತಾರೆ, ಎಲ್ಲಿ ಬೇಸತ್ತು ಫೋನು ಕೆಳಗಿಡುತ್ತಾರೆ ಎಂದು ನೋಡಬೇಕು, ಅಷ್ಟೇ. 'ಅಲ್ಲಿ ಅಲ್ಲ, ಬಲಗಡೆ ಒತ್ತಿ' ಎಂದು ಹೇಳಿಕೊಟ್ಟರೆ ಪರೀಕ್ಷೆ ಕೆಟ್ಟಂತೆ. ಗೇಮು ನಾಳೆ ಊರೂರಿನ ಫೋನುಗಳಿಗೆ ಹೋದಾಗ ಅಲ್ಲೆಲ್ಲ ಹೇಳಿಕೊಡಲು ನಾವು ಹೋಗುತ್ತೇವೆಯೆ? ಬಾಯಿ ಬಿಟ್ಟವರಿಗೆ ದಂಡವೂ ಉಂಟು. ಕೆಳಗಿನ ಇರಾನಿ ಹೋಟೆಲಿನಿಂದ ಎಲ್ಲರಿಗೂ ಚಹಾ, ಈರುಳ್ಳಿ ಸಮೋಸ. ನಾನು ಕೆಲಸಕ್ಕೆ ಸೇರಿದ ಮೇಲೆ ಆ ಹೋಟೆಲಿನವರು ಗೋಡೆಗೆ ಹೊಸ ಬಣ್ಣ ಹೊಡೆಸಿದರು. ಅದು ನನ್ನ ದಂಡದಿಂದಲೇ ಎಂದು ಜೊತೆಯವರು ಈಗಲೂ ಹೇಳುತ್ತಾರೆ. ನನ್ನ ಬಾಯಿ ಅಂಥದ್ದು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ತಾಯಿ ಮೊದಲಿನಿಂದಲೂ ಹೇಳುತ್ತಿದ್ದಳು.

ನನ್ನ ಕೆಲಸವೆಂದರೆ ಗೇಮಿನೊಳಗೆ ರಸ್ತೆ ಹಾಕುವುದು. ಬೈಕ್ ಓಡಿಸುವ ಗೇಮಿದ್ದರೆ ಯಾವ ತಿರುವು ಎಲ್ಲಿ, ಆಟೋ ಎಲ್ಲಿಂದ ಅಡ್ಡ ಬರಬೇಕು, ಆಡುವವನು ಎಲ್ಲಿ ಬೀಳಬೇಕು, ಬಿದ್ದ ಮೇಲೂ ಇನ್ನೊಮ್ಮೆ ಏಳಬೇಕೆಂದು ಅವನಿಗೆ ಯಾಕೆ ಅನ್ನಿಸಬೇಕು, ಇದನ್ನೆಲ್ಲ ಯೋಚಿಸಿ ಕಟ್ಟಬೇಕು. ಲೆವೆಲ್ ಡಿಸೈನರ್ ಅನ್ನುತ್ತಾರೆ. ಬಾಗಲಕೋಟೆ ಕಡೆಯ ನಮ್ಮ ನೆಂಟರಿಗೆ ಇದು ಇವತ್ತಿಗೂ ಅರ್ಥವಾಗಿಲ್ಲ. "ಹುಡುಗಿ ಹೈದರಾಬಾದನ್ಯಾಗ ದಿನಾ ಆಟ ಆಡ್ತಾಳಂತ, ಅದಕ್ಕ ಪಗಾರಾನೂ ಕೊಡ್ತಾರಂತ" ಎಂದು ಮದುವೆ ಮನೆಗಳಲ್ಲಿ ಮಾತಾಡಿಕೊಳ್ಳುತ್ತಾರೆ. ನಾನು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಅಪ್ಪ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿದ್ದರು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಶಾಲೆಯಲ್ಲಿ ಹಿಂದಿ. ಸಿಟ್ಟು ಬಂದರೆ ಮೂರೂ ಒಟ್ಟಿಗೆ ಬರುತ್ತವೆ.

ನನ್ನನ್ನು ನೋಡಲು ಮಲ್ಕಾಜ್‌ಗಿರಿಯ ರೈಲ್ವೆ ಮನೆತನದವರು ಬಂದಾಗ ಎಲ್ಲರೂ ಸಂಬಳ ಎಷ್ಟು, ರಾತ್ರಿ ಪಾಳಿ ಇದೆಯೆ ಎಂದು ಕೇಳಿದರು. ಈಗ ನನ್ನ ಅತ್ತೆಯಾಗಿರುವವರು ಮಾತ್ರ ಫೋನಿನಲ್ಲಿ ನನ್ನ ಗೇಮು ನೋಡಿ, "ಇದರಾಗ ಗೆಲ್ಲೂದು ಹ್ಯಾಂಗವಾ?" ಎಂದು ಕೇಳಿದರು. ಆ ಪ್ರಶ್ನೆಗೇ ನಾನು ಒಪ್ಪಿದೆ ಅನ್ನಬೇಕು. ಮಗನ ಬಗ್ಗೆ ಆಮೇಲೆ ಯೋಚಿಸಿದೆ.

ಉಪ್ಪಲ್‌ನ ಆ ಕಚೇರಿಗೆ ನಾನು ಸೇರಿದಾಗ ಆ ಮಹಡಿಯಲ್ಲಿ ನಾನೊಬ್ಬಳೇ ಹೆಂಗಸು. ಹೆಂಗಸರ ಶೌಚಾಲಯ ಎಂದು ಬರೆದಿದ್ದ ಬಾಗಿಲು ತೆಗೆದರೆ ಒಳಗೆ ಹಳೆಯ ಮಾನಿಟರುಗಳ ರಟ್ಟಿನ ಪೆಟ್ಟಿಗೆ, ಸೂರಿನವರೆಗೆ. ನಾನು ಯಾರಿಗೂ ಹೇಳದೆ ಕೆಳಗಿನ ಮಹಡಿಯ ಬ್ಯಾಂಕಿನವರದಕ್ಕೆ ಹೋಗಿ ಬರುತ್ತಿದ್ದೆ. ಜಗಳ ಆಡುವ ನನಗೆ ಇದನ್ನು ಹೇಳಲು ಮಾತ್ರ ನಾಚಿಕೆ. ಒಂದು ಬೆಳಿಗ್ಗೆ ನಮ್ಮ ತಂಡದ ಹಿರಿಯರು, ಎಲ್ಲರೂ 'ಸರ್' ಅನ್ನುವವರು, ತೆಲುಗಿನವರು, ಅಂಗಿಯ ತೋಳು ಮಡಚಿಕೊಂಡು ಆ ಪೆಟ್ಟಿಗೆಗಳನ್ನು ಒಂದೊಂದಾಗಿ ಹೊರಗೆ ಹೊರುತ್ತಿದ್ದರು. ಯಾರೂ ಹೇಳದೆ ಹುಡುಗರೆಲ್ಲ ಕೈಜೋಡಿಸಿದರು. ಅದರ ಬಗ್ಗೆ ಆ ದಿನವೂ ಆಮೇಲೂ ಯಾರೂ ಒಂದು ಮಾತೂ ಆಡಲಿಲ್ಲ. ನಾನು ಜೀವನದಲ್ಲಿ ಕಂಡ ದೊಡ್ಡ ಮರ್ಯಾದೆಗಳಲ್ಲಿ ಅದೂ ಒಂದು.

ಕೆಲಸ ಕಲಿಸಿದವರೂ ಅವರೇ. "ಮೊದಲ ತಿರುವಿನಲ್ಲೇ ಬೀಳಿಸಬೇಡ. ಮೊದಲೆರಡರಲ್ಲಿ ನಾನು ಶೂರ ಅಂದುಕೊಳ್ಳಲಿ, ಮೂರನೆಯದರಲ್ಲಿ ಬೀಳಿಸು" ಎಂದು ನಗುತ್ತ ಹೇಳುತ್ತಿದ್ದರು. ಆ ಪಾಠ ಹಿಡಿದುಕೊಂಡೇ ನಾನು ಬೈಕ್ ಗೇಮಿಗೆ ಒಂದು ಪೇಟೆ ಬೀದಿ ಕಟ್ಟಿದೆ. ಹೆಸರು ಬೇರೆ ಇಟ್ಟರೂ ಅದು ನಮ್ಮ ಹೈದರಾಬಾದಿನ ಕೋಠಿ ಪೇಟೆಯೇ. ಚಿಕ್ಕಂದಿನಲ್ಲಿ ಹಳೆಯ ಪಠ್ಯಪುಸ್ತಕ ಕೊಳ್ಳಲು ಅಮ್ಮನ ಕೈಹಿಡಿದು ಹೋದಾಗ ಬಸ್ಸು ನಮ್ಮ ಮೈಮೇಲೇ ಬಂದಂತೆ ಆಗುತ್ತಿದ್ದದ್ದು, ಬಟ್ಟೆ ಅಂಗಡಿಯವರು ಕರೆಯುವುದು, ಔಷಧಿ ಅಂಗಡಿಗಳ ನಡುವೆ ಇಬ್ಬರು ಒಟ್ಟಿಗೆ ನುಗ್ಗಲಾಗದ ಒಂದು ಸಂದಿ, ಎಲ್ಲವನ್ನೂ ಅದರಲ್ಲಿ ತುಂಬಿದೆ. ಆ ಸಂದಿಯಲ್ಲಿ ಬೈಕು ತೂರಿಸಿದರೆ ಬಸ್ಸಿಗಿಂತ ಮುಂದೆ ಹೊರಬರಬಹುದು. ಅದನ್ನು ಕಚೇರಿಯಲ್ಲಿ ಯಾರೂ ಕಂಡುಹಿಡಿಯಲಿಲ್ಲ, ನಾನೂ ಹೇಳಲಿಲ್ಲ.

ಹೊರಗಿನವರ ಕಾಟ ಇದ್ದೇ ಇತ್ತು. ವಿಡಿಯೊ ಕರೆಯಲ್ಲಿ ನನ್ನನ್ನು ನೋಡಿ "ಡಿಸೈನರ್ ಯಾವಾಗ ಬರುತ್ತಾರೆ ಮೇಡಂ?" ಎಂದು ಕೇಳಿದ ಗಿರಾಕಿಗಳುಂಟು. ಪಕ್ಕದಲ್ಲಿ ಕೂತಿದ್ದ ನಮ್ಮ ಹುಡುಗನೊಬ್ಬ, "ಬಂದಿದ್ದಾರೆ, ನಿಮ್ಮ ಎದುರಿಗೇ ಇದ್ದಾರೆ" ಎಂದು ಥಟ್ಟನೆ ಹೇಳಿದ್ದ. ಇಂಥ ಹುಡುಗರ ನಡುವೆ ನಾನು ಬೆಳೆದೆ. ಅದಕ್ಕೇ ಮುಂದೆ ಆದದ್ದು ಅಷ್ಟು ನೋಯಿಸಿತು.

ಮಗಳು ಹುಟ್ಟಿದಳು. ಹೆರಿಗೆ ರಜೆ ಮುಗಿಸಿ ಹೋದರೆ ನನ್ನ ಬೈಕು ನನ್ನದಾಗಿರಲಿಲ್ಲ. ಥಟ್ಟನೆ ಉತ್ತರ ಕೊಟ್ಟಿದ್ದ ಅದೇ ಹುಡುಗನ ಕೈಗೆ ಹೋಗಿತ್ತು. ಪಾಪ, ಅವನಿಗೂ ಮುಜುಗರ. ನನಗೆ ಕೊಟ್ಟದ್ದು ಒಂದು ಅಡುಗೆ ಗೇಮು. ಹೋಟೆಲಿಗೆ ಗಿರಾಕಿ ಬರುತ್ತಾನೆ, ದೋಸೆ ಕೇಳುತ್ತಾನೆ, ಸುಟ್ಟುಹೋಗುವ ಮೊದಲು ಕೊಡಬೇಕು. "ಇದು ನಿನಗೆ ಚೆನ್ನಾಗಿ ಗೊತ್ತಿರುತ್ತದೆ" ಎಂದರು ಸರ್. ನನ್ನ ದೋಸೆ ನೋಡಿದ್ದರೆ ಆ ಮಾತು ಆಡುತ್ತಿರಲಿಲ್ಲ.

ಅದೇ ಹೊತ್ತಿಗೆ ಬೈಕ್ ಗೇಮಿಗೆ ಇಡೀ ಒಂದು ನಗರ ಕಟ್ಟುವ ಯೋಜನೆ ಬಂತು. ವರ್ಷಗಟ್ಟಲೆ ನಡೆಯುವ ದೊಡ್ಡ ಕೆಲಸ. ಅದನ್ನು ಮುನ್ನಡೆಸುವ ಜಾಗಕ್ಕೆ ನಾನೇ ಕೇಳಿದೆ. ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಪಾಪ ಚಿನ್ನದಿ ಕದಮ್ಮಾ" ಎಂದರು. ಮಗು ಚಿಕ್ಕದಲ್ಲವೇನಮ್ಮಾ ಎಂದು. ತಡವಾಗುತ್ತದೆ, ಓಡಾಟವಿರುತ್ತದೆ, ಮಗು ಸ್ವಲ್ಪ ದೊಡ್ಡದಾಗಲಿ, ಇದು ನಿನ್ನ ಒಳ್ಳೆಯದಕ್ಕೇ. ಆ ದನಿಯಲ್ಲಿ ಒಂದಿಷ್ಟೂ ಕೆಟ್ಟತನವಿರಲಿಲ್ಲ. ಪೆಟ್ಟಿಗೆ ಹೊತ್ತ ಕೈಗಳೇ ಅವು. ಕೆಟ್ಟವರಾಗಿದ್ದರೆ ಜಗಳ ಆಡಿ ಬರುತ್ತಿದ್ದೆ. ಒಳ್ಳೆಯವರ ಎದುರು ಏನು ಮಾಡುವುದು? ಈ ನಗರ ಕೈತಪ್ಪಿದರೆ ನಾನು ಮುಂದೆ ದೋಸೆ, ಕೇಕು, ಗೊಂಬೆಗೆ ಬಟ್ಟೆ ಉಡಿಸುವ ಗೇಮುಗಳಲ್ಲೇ ಉಳಿಯುತ್ತೇನೆ ಎಂದು ನನಗೆ ಸ್ಪಷ್ಟವಾಗಿ ಕಂಡಿತು. ಅಡುಗೆ ಗೇಮಿನ ಪರೀಕ್ಷೆ ಮುಗಿದ ವಾರವೇ ನಗರದ ಕೆಲಸ ಯಾರಿಗೆಂದು ಹೇಳುವವರಿದ್ದರು.

ಸಂಜೆ ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ ಹೇಳಿದೆ, "ಈ ದ್ವಾಶಿ ಆಟ ಒಂದು ಮುಗೀಲಿ. ಆಮ್ಯಾಲ ನಾ ಕೆಲಸ ಬಿಡ್ತೀನಿ. ಸಾಕಾತು ನನಗ."

ನಮ್ಮ ಮನೆಯವರು ರೈಲ್ವೆಯವರ ಸಮಾಧಾನದಲ್ಲಿ, "ಅವಸರ ಮಾಡಬ್ಯಾಡ" ಎಂದರು. ಅತ್ತೆ ತೊಡೆಯ ಮೇಲೆ ಕೂಸನ್ನು ತಟ್ಟುತ್ತಿದ್ದವರು ಒಂದೇ ಕೇಳಿದರು.

"ಯಾಕಂತ ಬೈಕ್ ಕೊಡೂದಿಲ್ಲ?"

"ಕೂಸು ಸಣ್ಣದು ಐತಂತರಿ, ಅತ್ತಿಯಾರ."

ಅವರು ಕೂಸಿನ ಮುಖ ನೋಡಿ ಮತ್ತೆ ತಟ್ಟತೊಡಗಿದರು. ಮಾವನವರು ತೀರಿಕೊಂಡ ಮೇಲೆ ಅತ್ತೆ ಮಾತು ಕಡಿಮೆ ಮಾಡಿದ್ದರು. ಕೂಸು ಬಂದ ಮೇಲೆ ಅದರ ಜೊತೆ ಮಾತ್ರ ದಿನವಿಡೀ ಮಾತು. ನಾನು ಬೆಳಿಗ್ಗೆ ಚಪ್ಪಲಿ ಮೆಟ್ಟಿ ನಿಶ್ಚಿಂತೆಯಿಂದ ಹೊರಡುತ್ತಿದ್ದದ್ದು ಅವರಿಂದಲೇ. ಎಷ್ಟೋ ಗೆಳತಿಯರು ಇದೊಂದು ಇಲ್ಲದೆ ಕೆಲಸ ಬಿಟ್ಟದ್ದನ್ನು ನೋಡಿದ್ದೇನೆ.

ಅಡುಗೆ ಗೇಮಿನ ಪರೀಕ್ಷೆಗೆ ಐವತ್ತು ದಾಟಿದ ಹೆಂಗಸರು ಬೇಕಾಗಿದ್ದರು. ಆ ಗೇಮನ್ನು ಒಮ್ಮೆಯೂ ನೋಡಿರದವರಾಗಿರಬೇಕು, ಮನೆಯವರನ್ನೂ ಕರೆತರಬಹುದು ಎಂದರು ಸರ್. ನಾನು ಅತ್ತೆಯನ್ನು ಕೇಳಿದೆ. ಅವರು ತಮ್ಮ ಭಜನಾ ಮಂಡಳಿಯ ಇಬ್ಬರು ಗೆಳತಿಯರನ್ನು ಹೊರಡಿಸಿದರು, ಇಬ್ಬರೂ ನಮ್ಮ ಕಡೆಯವರೇ. ಆ ದಿನ ಮಗಳನ್ನು ನಮ್ಮ ತಾಯಿಯ ಹತ್ತಿರ ಬಿಟ್ಟು, ನಾವು ನಾಲ್ವರೂ ಒಂದು ಆಟೋದಲ್ಲಿ ಒತ್ತಿಕೊಂಡು ಉಪ್ಪಲ್‌ಗೆ ಹೋದೆವು. ಅತ್ತೆ ಇಳಕಲ್ ಸೀರೆ ಉಟ್ಟಿದ್ದರು. ಮಡಿಲಲ್ಲಿ ಶೇಂಗಾ ಹೋಳಿಗೆಯ ಡಬ್ಬಿ. "ಆಫೀಸಿಗೆ ಬರಿಗೈಲೆ ಹೋಗಬಾರದು" ಎಂದರು. ಆ ಮುಖದಲ್ಲಿ ಹೆಣ್ಣು ಕೊಡಲು ಹೊರಟವರ ಗಾಂಭೀರ್ಯವಿತ್ತು.

ಪರೀಕ್ಷೆ ಶುರುವಾಯಿತು. ನಾನು ಹಿಂದಿನ ಕುರ್ಚಿಯಲ್ಲಿ. ಪಕ್ಕದಲ್ಲಿ ಸರ್, ಆಚೆ ಬೈಕಿನ ಹುಡುಗ.

ಮೊದಲ ಗೆಳತಿ ಎಲ್ಲ ದೋಸೆಗಳನ್ನೂ ಕರಕಲು ಮಾಡಿ, "ಭಾಳ ಚಲೋ ಐತ್ರಿ! ನಮ್ಮ ಹುಡುಗಿ ಮಾಡಿದ್ದಂದ್ರ ಕೇಳಬೇಕೇನ್ರಿ?" ಎಂದರು. ಎರಡನೆಯವರು ಸ್ವಲ್ಪ ಹೊತ್ತು ಆಡಿ ಫೋನನ್ನು ನನ್ನ ಕಡೆ ಚಾಚಿ, "ನೀನ ಆಡವಾ, ನಾ ಕುಂತು ನೋಡ್ತೀನಿ" ಎಂದರು. ನಾನು ತುಟಿ ಕಚ್ಚಿ ತಲೆ ಅಲ್ಲಾಡಿಸಿದೆ. ಸರ್ ನನ್ನನ್ನೇ ನೋಡುತ್ತಿದ್ದರು, ಸಮೋಸದ ಆಸೆಯಿಂದ.

ಆಮೇಲೆ ಅತ್ತೆ. ಫೋನು ಹಿಡಿದ ರೀತಿಯಲ್ಲೇ ನನಗೆ ಅನುಮಾನ ಬಂತು. ಎರಡೂ ಹೆಬ್ಬೆರಳು ಸಜ್ಜಾಗಿ ಮೇಲೆದ್ದಿದ್ದವು. ಗಿರಾಕಿ ಬರುವ ಮೊದಲೇ ಹಂಚಿನ ಮೇಲೆ ಹಿಟ್ಟು. ಬಂದವನಿಗೆ ಬಂದಹಾಗೆ ದೋಸೆ. ಬೈಕಿನ ಹುಡುಗ ಬಾಯಿ ತೆರೆದು ನೋಡುತ್ತಿದ್ದ. ಸರ್ ಹಿಂದಿಯಲ್ಲಿ, ಅಮ್ಮಾ, ಇದನ್ನು ಮೊದಲೇ ಆಡಿದ್ದೀರಾ ಎಂದು ಕೇಳಿದರು. ಪರೀಕ್ಷೆ ನಡೆಸುವವರಾದ್ದರಿಂದ ಅವರಿಗೆ ಕೇಳುವ ಹಕ್ಕಿತ್ತು.

"ನಹೀ ನಹೀ, ಪೈಲೀ ಬಾರ್" ಎಂದರು ಅತ್ತೆ, ಇದೇ ಮೊದಲ ಸಲವೆಂದು, ಕಣ್ಣು ಮಿಟುಕಿಸದೆ. ಅದೇ ಉಸಿರಿನಲ್ಲಿ ತಮ್ಮಷ್ಟಕ್ಕೇ, "ಈಗ ಪೊಲೀಸಪ್ಪ ಬರ್ತಾನ, ಅವಗ ಎರಡು ಬೇಕು" ಎಂದು ಎರಡು ದೋಸೆ ಹುಯ್ದರು. ಪೊಲೀಸಪ್ಪ ಬಂದ. ಎರಡು ಕೇಳಿದ.

ಕೋಣೆಗೆ ಕೋಣೆಯೇ ನಕ್ಕಿತು. ಆಮೇಲೆ ಎಲ್ಲ ಹೊರಬಿತ್ತು. ಗೇಮುಗಳಿರುವ ಕಚೇರಿಯ ಫೋನು ನನ್ನ ಜೊತೆ ಮನೆಗೆ ಬರುತ್ತಿತ್ತು. ರಜೆಯ ದಿನ ಅದು ಕಪಾಟಿನ ಮೇಲೇ ಬಿದ್ದಿರುತ್ತಿತ್ತು, ನಾನು ಮಧ್ಯಾಹ್ನ ಮಲಗಿಬಿಡುತ್ತಿದ್ದೆ. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಅತ್ತೆ ಅಭ್ಯಾಸ ಮಾಡಿದ್ದರು. ಪರೀಕ್ಷೆ ಅಂದರೆ ಪರೀಕ್ಷೆ, ಓದದೆ ಹೋಗುವುದುಂಟೆ? "ಸೊಸಿ ನೌಕರಿ ಪರೀಕ್ಷಾ ಅಲ್ಲೇನ್ರಿ? ನಾವು ಫೇಲಾದ್ರ ಆಕಿಗೆ ಕೆಟ್ಟ ಹೆಸರು ಬರೂದಿಲ್ಲೇನು?" ಎಂದು ಅವರು ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಸರ್‌ಗೇ ತಿರುಗಿ ಕೇಳಿದರು. ಏನೂ ಗೊತ್ತಿಲ್ಲದವರು ಬೇಕು ಎನ್ನುವುದೇ ಪರೀಕ್ಷೆಯ ತಿರುಳು. ಅದನ್ನೇ ಮಣ್ಣುಪಾಲು ಮಾಡಿ, ಸೊಸೆಯ ಮಾನ ಉಳಿಸಿದೆ ಎಂಬ ತೃಪ್ತಿಯಲ್ಲಿ ಕೂತಿದ್ದರು. ನನಗೆ ಕೂಗಬೇಕೆನ್ನಿಸುವಷ್ಟು ಸಿಟ್ಟು, ತಬ್ಬಿಕೊಳ್ಳಬೇಕೆನ್ನಿಸುವಷ್ಟು ಪ್ರೀತಿ. ಬಾಯಿ ಬಿಡುವಂತಿರಲಿಲ್ಲ.

"ಯೇ ನಕ್ಕೋ", ಇದು ಬೇಡ, ಎಂದು ಅತ್ತೆ ಅಡುಗೆ ಗೇಮನ್ನು ಮುಚ್ಚಿದರು. "ದಿನಾ ಮಾಡೂದ ಇದ. ಫೋನಿನ್ಯಾಗೂ ಇದನ್ನ ಮಾಡಬೇಕೇನ್ರಿ? ಬೈಕಿಂದು ಆಡ್ತೀನಿ."

ಯಾರೂ ಹೂಂ ಅನ್ನುವ ಮೊದಲೇ ನನ್ನ ಹಳೆಯ ಪೇಟೆ ಬೀದಿ ತೆರೆದರು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಬೈಕು ಹೊರಟಿತು. ಮೊದಲ ತಿರುವು, ಎರಡನೆಯದು, ಆಟೋ ತಪ್ಪಿಸಿದರು, ಬಟ್ಟೆ ಅಂಗಡಿಯ ಗೊಂಬೆಗೆ ತಾಗಿಯೂ ತಾಗದ ಹಾಗೆ ಹೋದರು. ಸರ್ ಕುರ್ಚಿಯ ತುದಿಗೆ ಬಂದಿದ್ದರು. ಮುಂದೆ ದಾರಿಗಡ್ಡ ಬಸ್ಸು. ಅತ್ತೆ ಬಲಕ್ಕೆ ಹೊರಳಿಸತೊಡಗಿದರು. ಅಲ್ಲಿ ದಾರಿಯೇ ಇಲ್ಲವೆಂದು ಕಚೇರಿಗೆಲ್ಲ ಗೊತ್ತು.

"ಲೆಫ್ಟ್! ಲೆಫ್ಟಮ್ಮಾ, ಬಸ್ಸು!" ಎಂದು ಸರ್ ಕೂಗಿಬಿಟ್ಟರು.

ಅತ್ತೆ ಕೇಳಲಿಲ್ಲ. ಔಷಧಿ ಅಂಗಡಿಗಳ ನಡುವಿನ ಸಂದಿಯಲ್ಲಿ ಬೈಕು ತೂರಿಸಿ ಬಸ್ಸಿಗಿಂತ ಮುಂದೆ ಹೊರಬಂದರು. ಹುಡುಗ ಎದ್ದು ನಿಂತ. ಪರದೆಯಿಂದ ಕಣ್ಣು ತೆಗೆಯದೆ ಅತ್ತೆ ನನಗೆ ಹೇಳಿದರು, "ಇದು ಕೋಠಿ ಅಲ್ಲೇನವಾ? ಬಿ.ಪಿ. ಗುಳಿಗಿ ತರಾಕ ಹೋದಾಗ ನಿಮ್ಮ ಮಾವ ಸ್ಕೂಟರ್ ಇಲ್ಲಿಂದನ ಹಾಯಸ್ತಿದ್ರು. ನಾ ಹಿಂದ ಒಂದ ಕಡೆ ಕಾಲು ಹಾಕಿ ಕುಂತು ಬರೇ ಅವರ ಬೆನ್ನ ನೋಡೀನಿ. ಮುಂದ ರಸ್ತಾ ಹ್ಯಾಂಗ ಬರ್ತೈತಿ ಅಂತ ಇದರಾಗ ನೋಡಿದೆ."

ನನ್ನ ಕಣ್ಣು ತುಂಬಿತು. ಅವರ ಬೆನ್ನ ಹಿಂದೆ ಕೂತಿದ್ದೆ, ಅವರಿಗೆ ಕಾಣಲಿಲ್ಲ.

ಸರ್ ತಮ್ಮ ದಂಡ ಒಪ್ಪಿಕೊಂಡು, ಹಿಂದಿಯಲ್ಲಿ ಮೆಲ್ಲಗೆ ಕೇಳಿದರು, "ಅಮ್ಮಾ, ಇದು ಅಷ್ಟು ಇಷ್ಟವಾಯಿತೇ?"

"ಇದನ್ನ ಕಟ್ಟಿದಾಕಿ ಈಕಿ" ಎಂದರು ಅತ್ತೆ, ಹೆಬ್ಬೆರಳಿಂದ ನನ್ನನ್ನು ತೋರಿಸಿ. ಆಮೇಲೆ ಅವರಿಗೆ ತಿಳಿಯಲೆಂದು ತಮ್ಮ ಹೈದರಾಬಾದಿ ಹಿಂದಿಗೆ ಇಳಿದರು. ಇವಳ ಕೈಯಿಂದ ಬೈಕು ಯಾಕೆ ತೆಗೆದಿರಿ ಎಂದು ನೇರವಾಗಿ ಕೇಳಿದರು. ಸರ್ ಅವರ ಮುಖ ಕೆಂಪಾಯಿತು. ಮಗು ಚಿಕ್ಕದು, ಇವರಿಗೇ ಕಷ್ಟವಾಗಬಾರದೆಂದು, ಎಂದು ತಡವರಿಸಿದರು.

"ಬಚ್ಚೀ ಕೋ ಮೈ ದೇಖ್‌ತೀ ಹೂಂ ನಾ?" ಎಂದರು ಅತ್ತೆ. "ಮೇರೇ ಕೋ ಪೂಛೇ ಕ್ಯಾ?"

ಕೂಸನ್ನು ನೋಡಿಕೊಳ್ಳುವವಳು ನಾನು. ನನ್ನನ್ನು ಕೇಳಿದಿರಾ?

ಇಷ್ಟು ವರ್ಷದ ನನ್ನ ಕೆಲಸದಲ್ಲಿ ನಾನು ಹೇಳಬೇಕೆಂದುಕೊಂಡು ಸರಿಯಾದ ಮಾತು ಸಿಗದೆ ಕೂಗಾಡಿದ್ದನ್ನೆಲ್ಲ ಅವರು ಒಂದು ಚಿಕ್ಕ ಪ್ರಶ್ನೆಯಲ್ಲಿ ಕೇಳಿ ಮುಗಿಸಿದ್ದರು. ಸರ್ ತಲೆಯಾಡಿಸಿ, "ನಿಜಮೇ ಅಮ್ಮಾ, ಕೇಳಲಿಲ್ಲ" ಎಂದರು. ಎದ್ದು ಚಹಾ, ಸಮೋಸಕ್ಕೆ ಹೇಳಲು ತಾವೇ ಕೆಳಗೆ ಹೋದರು. ಅತ್ತೆ ಹೋಳಿಗೆಯ ಡಬ್ಬಿ ಬಿಚ್ಚಿ ಹುಡುಗರಿಗೆಲ್ಲ ಹಂಚಿದರು. ಬೈಕಿನ ಹುಡುಗ ಅವರ ಪಕ್ಕದಲ್ಲೇ ಕೂತು, ಆ ಸಂದಿ ಎಲ್ಲಿ ಶುರುವಾಗುತ್ತದೆ ತೋರಿಸಿ ಎಂದು ದುಂಬಾಲು ಬಿದ್ದ.

ಮುಂದಿನ ವಾರ ಸರ್ ನನ್ನನ್ನು ಕರೆದು ನಗರದ ಕೆಲಸ ನಿನ್ನದು ಎಂದರು. ಹುಡುಗ ನನ್ನ ತಂಡದಲ್ಲಿ ಇರುತ್ತಾನೆ, ಅವನೇ ಕೇಳಿಕೊಂಡ ಎಂದರು. ನಾನು ಏನೋ ಹೇಳಲು ಹೊರಟರೆ, "ನಿನ್ನೆ ನಿಮ್ಮ ಅತ್ತೆಗೆ ಫೋನ್ ಮಾಡಿದ್ದೆ. ಕೇಳಿದೆ" ಎಂದು ಕನ್ನಡಕ ಹಾಕಿಕೊಂಡರು. ತಪ್ಪು ತಿಳಿದ ಮೇಲೆ ಹೀಗೆ ಹೆಜ್ಜೆ ಹಿಂದೆ ಇಟ್ಟು ಸರಿಮಾಡುವ ಹಿರಿಯರು ಎಷ್ಟು ಜನರಿಗೆ ಸಿಗುತ್ತಾರೆ? ನನಗೆ ಸಿಕ್ಕರು. ಅದಕ್ಕೆ ನಾನು ಋಣಿ, ಅದನ್ನು ಅವರ ಎದುರಿಗೇ ಹೇಳಿದೆ.

ಮನೆಗೆ ಓಡಿ ಬಂದರೆ ಅತ್ತೆ ಕೂಸಿಗೆ ರಾಗಿ ಗಂಜಿ ಕುಡಿಸುತ್ತಿದ್ದರು. ನನಗಿಂತ ಒಂದು ದಿನ ಮೊದಲೇ ಸುದ್ದಿ ಗೊತ್ತಿದ್ದೂ ಬಾಯಿ ಬಿಟ್ಟಿರಲಿಲ್ಲ. ನಮ್ಮ ಕಚೇರಿಯ ನಿಯಮ ಅವರಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು.

"ನೀವು ಏನಂದ್ರಿ ಅವರಿಗೆ, ಅತ್ತಿಯಾರ?"

"ಹೂಂ ಅಂದೆ." ಚಮಚ ಕೂಸಿನ ಬಾಯಿಗೆ ಹಿಡಿದರು. "ಹೊಸಾ ಊರು ಕಟ್ಟತೀ ಅಲ್ಲ, ಅದರಾಗ ನನ್ನದೊಂದು ಸ್ಕೂಟರ್ ಬಿಡವಾ. ನಾ ಮುಂದ. ನಿಮ್ಮ ಮಾವನ್ನ ಹಿಂದ ಕುಂಡ್ರಸು."

ಗೇಮು ಈಗ ಹೊರಬಂದಿದೆ. ಅದರ ಪೇಟೆ ಬೀದಿಯಲ್ಲಿ ಒಂದು ಹಳೆಯ ಸ್ಕೂಟರ್ ನಿಧಾನವಾಗಿ ಓಡಾಡುತ್ತದೆ. ಇಳಕಲ್ ಸೀರೆಯ ಹೆಂಗಸು ಓಡಿಸುತ್ತಾಳೆ. ಹಿಂದೆ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನ ಗಂಡಸು, ಒಂದೇ ಕಡೆ ಕಾಲು ಹಾಕಿ, ಔಷಧಿಯ ಚೀಲ ಹಿಡಿದು ಕೂತಿದ್ದಾನೆ. ಆಡುವವರೆಲ್ಲ ಹಾರ್ನ್ ಬಾರಿಸಿ ಅವರನ್ನು ದಾಟಿ ಹೋಗುತ್ತಾರೆ.

ಅತ್ತೆ ಮಧ್ಯಾಹ್ನ ಆಡುತ್ತಾರೆ. ಬಸ್ಸು, ಆಟೋ, ಟ್ಯಾಂಕರು ಯಾವುದನ್ನೂ ಬಿಡದೆ ಹಿಂದೆ ಹಾಕುತ್ತಾರೆ. ಆ ಸ್ಕೂಟರ್ ಕಂಡರೆ ಮಾತ್ರ ಬೈಕಿನ ವೇಗ ಇಳಿಸಿ ಅದರ ಹಿಂದೆ ಹಿಂದೆಯೇ ಹೋಗುತ್ತಾರೆ. ಹೊತ್ತು ಮೀರುತ್ತದೆ, ಆಟ ಸೋಲುತ್ತದೆ. ನಾನು ರಜೆಯಲ್ಲಿ ಮನೆಯಲ್ಲಿದ್ದರೆ ಅವರ ಬೆನ್ನ ಹಿಂದೆ ನಿಂತು ನೋಡುತ್ತೇನೆ. ಏನೂ ಹೇಳುವುದಿಲ್ಲ.